ಐದನೆಯ ಸಾಲಿಗೆ ಸಹಿ ಹಾಕಿದವರು

2023ರಲ್ಲಿ ನಾನು ಹುಮನಾಬಾದಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ನಿವೃತ್ತಿ ಹತ್ತಿರ ಬಂದವರಿಗೆ ಯಾರೂ ಕೆಲಸ ಹೇಳುವುದಿಲ್ಲ, ಎದ್ದು ನಿಂತು ನಮಸ್ಕಾರ ಮಾತ್ರ ಮಾಡುತ್ತಾರೆ. ನನಗೆ ಅದು ಸೇರದು. ಹಾಗಾಗಿ ನಾನೇ ಒಂದು ಕೆಲಸವನ್ನು ಮೈಮೇಲೆ ಎಳೆದುಕೊಂಡೆ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಎಷ್ಟೋ ನೆನಪುಗಳಿವೆ, ಆದರೆ ಹೊಟ್ಟೆ ಉರಿಸುವ ನೆನಪು ಇದೊಂದೇ.

ಆ ಕೆಲಸ ಬಸವಕಲ್ಯಾಣದಲ್ಲಿ ಒಂದು ದಿನದ ಪ್ರೋಗ್ರಾಮಿಂಗ್ ಸಮ್ಮೇಳನ ನಡೆಸುವುದು. ಇದಕ್ಕೆ ಕಮ್ಯುನಿಟಿ ಕಾನ್ಫರೆನ್ಸ್ ಎನ್ನುತ್ತಾರೆ. ಇದನ್ನು ಕಂಪನಿಯೂ ನಡೆಸುವುದಿಲ್ಲ, ಸರ್ಕಾರವೂ ನಡೆಸುವುದಿಲ್ಲ. ಪ್ರೋಗ್ರಾಮ್ ಬರೆಯುವವರು ತಾವೇ ಕೂಡಿ, ತಮಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳುತ್ತಾರೆ. ಹಾರ ತುರಾಯಿ ಇಲ್ಲ, ದೀಪ ಹಚ್ಚಲು ಮುಖ್ಯ ಅತಿಥಿ ಇಲ್ಲ. ದೊಡ್ಡ ಊರುಗಳಲ್ಲಿ ಇದು ನಡೆದೇ ಇರುತ್ತದೆ, ನಮ್ಮ ಕಡೆ ಆಗಿರಲಿಲ್ಲ. "ಅಕ್ಕಾ, ಜಾತಿ ಕುಲ ಕೇಳಲಾರದಽ ಎಲ್ಲರನ್ನೂ ಕೂಡಿಸಿ ಮಾತಾಡಿಸಿದ ಊರು ಅಂತ ಹೇಳ್ಕೋತೇವಿ. ಅಲ್ಲಿ ಆಗಲಿಲ್ಲಂದ್ರ ಇನ್ನೆಲ್ಲಿ ಆಗಬೇಕ್ರಿ?" ಎಂದು ಮೊದಲು ಆಸೆ ಹುಟ್ಟಿಸಿದವನು ಸೂರ್ಯಕಾಂತ.

ಸೂರ್ಯಕಾಂತ ಮೊದಲು ನನ್ನ ವಿದ್ಯಾರ್ಥಿ. ಆಮೇಲೆ ಹದಿನೆಂಟು ವರ್ಷ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಮಧ್ಯಾಹ್ನ ನನ್ನ ಡಬ್ಬಿ ತೆರೆದರೆ ಅವನ ಕುರ್ಚಿ ತಾನಾಗಿ ಈ ಕಡೆ ತಿರುಗುತ್ತಿತ್ತು. ಎರಡು ರೊಟ್ಟಿ ಅವನ ಲೆಕ್ಕದ್ದೇ ಎಂದು ಮನೆಯಲ್ಲಿಯೇ ಹೆಚ್ಚಿಗೆ ಕಟ್ಟುತ್ತಿದ್ದೆ. ಸಮ್ಮೇಳನಕ್ಕೆ ಅವನು ಸಂಚಾಲಕನಾದ. ಸಭಾಂಗಣ, ಊಟ, ಪ್ರಾಯೋಜಕ ಕಂಪನಿಗಳು ಅವನ ಪಾಲಿಗೆ. ಭಾಷಣಗಳ ಆಯ್ಕೆ ಮತ್ತು ಹೊಸಬರ ಉಸ್ತುವಾರಿ ನನ್ನ ಪಾಲಿಗೆ.

ಇಂಥ ಸಮ್ಮೇಳನದಲ್ಲಿ ಆಯ್ಕೆಯ ರೀತಿ ಬೇರೆ. ಮಾತಾಡಬೇಕೆನ್ನುವವರು ಅರ್ಧ ಪುಟ ಬರೆದು ಕಳಿಸಬೇಕು. ಓದುವವರಿಗೆ ಬರೆದವರ ಹೆಸರು, ಊರು, ಓದು ಯಾವುದೂ ಕಾಣಿಸುವುದಿಲ್ಲ, ಒಂದು ಸಂಖ್ಯೆ ಮಾತ್ರ ಕಾಣುತ್ತದೆ. ನಮಗೆ ನಲವತ್ತೊಂದು ಬಂದವು. ಆಯ್ಕೆ ಸಮಿತಿಯ ನಾವು ಮೂವರು ಬೇರೆ ಬೇರೆ ಕೂತು ಓದಿದೆವು, ಮೂವರೂ ಪೂರ್ತಿ ಅಂಕ ಕೊಟ್ಟದ್ದು ಹದಿನೇಳನೆಯ ಸಂಖ್ಯೆಗೆ. ಬೆಳಗಿನ ಬಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದಿತ್ತು. ಹೆಸರು ತೆರೆದು ನೋಡಿದರೆ ನಸೀಮಾ, ಬೇಮಳಖೇಡ, ಉದ್ಯೋಗ ಝೆರಾಕ್ಸ್ ಅಂಗಡಿ.

ಆಕೆಯ ಪ್ರೋಗ್ರಾಮ್ ಮಾಡುತ್ತಿದ್ದದ್ದು ಇಷ್ಟೇ. ಆ ಕಡೆಯ ಹಳ್ಳಿಗಳಿಂದ ಮೂವತ್ತೆಂಟು ಹುಡುಗಿಯರು ದಿನಾ ಹುಮನಾಬಾದಿಗೆ ಕಾಲೇಜಿಗೆ ಬರುತ್ತಿದ್ದರು. ಬೆಳಗಿನ ಬಸ್ಸು ಒಂದು ದಿನ ಬಂದರೆ ಒಂದು ದಿನ ಇಲ್ಲ. ರಸ್ತೆಯ ಮೇಲೆ ತಾಸುಗಟ್ಟಲೆ ನಿಲ್ಲಬೇಕು, ಬರುವ ಹೋಗುವವರ ಮಾತು ಕೇಳಬೇಕು. ಮೊದಲ ಸ್ಟಾಪಿನಲ್ಲಿ ಹತ್ತುವ ಹುಡುಗಿ ಬಸ್ಸು ಹತ್ತಿದ ಕೂಡಲೇ ನಸೀಮಾಳ ಫೋನಿಗೆ 1 ಎಂದು ಮೆಸೇಜ್ ಕಳಿಸುತ್ತಾಳೆ. ಪ್ರೋಗ್ರಾಮ್ ಮುಂದಿನ ಸ್ಟಾಪುಗಳ ಹುಡುಗಿಯರಿಗೆ ಯಾರಿಗೆ ಎಷ್ಟು ಹೊತ್ತಿಗೆ ಮನೆ ಬಿಡಬೇಕು ಎಂದು ತಿಳಿಸುತ್ತದೆ. ಇಷ್ಟು ಹೊತ್ತಾದರೂ ಮೆಸೇಜ್ ಬರಲಿಲ್ಲವೆಂದರೆ ಬಸ್ಸಿಲ್ಲ, ಬೇರೆ ಗಾಡಿ ನೋಡಿಕೊಳ್ಳಿ ಎನ್ನುತ್ತದೆ. ಕಂಪ್ಯೂಟರೂ ಇಲ್ಲದೆ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತು, ಮೊಬೈಲಿನಲ್ಲೇ ಬರೆದ ಇನ್ನೂರ ಹನ್ನೆರಡು ಸಾಲಿನ ಕೋಡ್. ನಾನು ಮೂರು ಸಲ ಓದಿದೆ. ನನ್ನ ಅಂತಿಮ ವರ್ಷದ ಮಕ್ಕಳು ಅಷ್ಟು ಚೊಕ್ಕ ಬರೆಯುವುದಿಲ್ಲ.

ಸುದ್ದಿ ಹೇಳಲು ನಾನೇ ಬೇಮಳಖೇಡಕ್ಕೆ ಹೋದೆ. ನಸೀಮಾಳಿಗೆ ಮೂವತ್ತರ ಆಸುಪಾಸು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ, ಆಕೆ ಮುಖ ಸಣ್ಣದು ಮಾಡಿದಳು.

"ಬರದು ಕಳಿಸಿದ್ದು ಖರೆ ರಿ ಮೇಡಂ. ಆದ್ರ ನಾಕು ಮಂದಿ ಮುಂದ ನಿಂತು ಮಾತಾಡಾಕ ನನಗ ಬರಂಗಿಲ್ಲ. ಇಂಗ್ಲಿಷ್ ಅಂತೂ ಮೊದಲಽ ಬರಂಗಿಲ್ಲ. ನಗ್ತಾರ್ರಿ."

"ಹಂಗಾದ್ರ ಯಾಕ ಕಳಿಸಿದಿ?" ಎಂದು ಕೇಳಿದೆ. ನನ್ನ ಮಾತು ಸ್ವಲ್ಪ ಒರಟು.

ಆಗ ನಿಜವಾದ ಕಾರಣ ಹೊರಗೆ ಬಂತು. ಹುಡುಗಿಯರ ನಂಬರು ಇಟ್ಟುಕೊಂಡು ಈಕೆ ಏನು ಮಾಡುತ್ತಾಳೋ ಎಂದು ಊರಲ್ಲಿ ಗುಸುಗುಸು ಎದ್ದಿತ್ತು. ಒಂಬತ್ತು ಮಂದಿ ಅಪ್ಪಂದಿರು ಆಗಲೇ ಮಗಳ ನಂಬರು ತೆಗೆಸಿದ್ದರು. ಮೊದಲ ಸ್ಟಾಪಿನ ಹುಡುಗಿಯ ಅಪ್ಪ ಶರಣಪ್ಪ ಕೂಡ ಹಿಂದೆ ಮುಂದೆ ನೋಡುತ್ತಿದ್ದ. ಆ ಹುಡುಗಿ ಮೆಸೇಜ್ ಕಳಿಸದಿದ್ದರೆ ಪ್ರೋಗ್ರಾಮಿಗೆ ಉಸಿರೇ ಇಲ್ಲ.

"ನಾ ಹೇಳಿದ್ರ ನಂಬಂಗಿಲ್ರಿ," ಎಂದಳು ನಸೀಮಾ. "ಒಬ್ಬರ ನಂಬರ್ ಇನ್ನೊಬ್ಬರಿಗಿ ಕಾಣಂಗಿಲ್ಲ, ನನಗೂ ಹೆಸರು ಕಾಣಂಗಿಲ್ಲ, ಕೋಡಿನ್ಯಾಗ ಅದನ್ನ ಬರದೀನಿ. ತಿಳದ ಮಂದಿ ನಡುವ, ದೊಡ್ಡ ಪರದೆ ಮ್ಯಾಲ ತೋರಿಸಿದ್ರ ಅವರಿಗಿ ಭರೋಸಾ ಬರ್ತದ."

ಹೊಸಬರ ಈ ಹೆದರಿಕೆ ನನ್ನ ತಲೆಯಲ್ಲಿ ಕೂತಿತು. ಮಾರನೆಯ ದಿನ ಒಂದು ಹಾಳೆ ಬರೆದೆ, ಸಮ್ಮೇಳನಕ್ಕೆ ಬಂದರೆ ಏನು ನಿರೀಕ್ಷಿಸಬಹುದು ಎಂದು ತಲೆಬರಹ ಕೊಟ್ಟು. ನಿಮಗೆ ಬರುವ ಭಾಷೆಯಲ್ಲಿ ಮಾತಾಡಿರಿ. ನಿಮ್ಮ ಡಿಗ್ರಿಯನ್ನು ಯಾರೂ ಕೇಳುವುದಿಲ್ಲ. ತಿಳಿಯದ್ದನ್ನು ಕೇಳಿದವರು ದಡ್ಡರಲ್ಲ. ಊಟಕ್ಕೆ ಎಲ್ಲರಿಗೂ ಒಂದೇ ಸಾಲು, ಭಾಷಣಕಾರರಿಗೂ ಅದೇ. ನಾಲ್ಕು ಸಾಲಿಗೆ ನಾನು ಪೆನ್ನು ಕೆಳಗಿಟ್ಟೆ. ಐದನೆಯದನ್ನು ಬರೆಸಿದವನು ಸೂರ್ಯಕಾಂತ. ಅವನು ವಿದ್ಯಾರ್ಥಿಯಾಗಿದ್ದಾಗ ಬೇರೆ ಊರಿನ ಸೆಮಿನಾರಿಗೆ ತಿಂಗಳುಗಟ್ಟಲೆ ತಯಾರಾಗಿ ಹೋಗಿದ್ದ. ಯಾರೋ ಸಾಹೇಬರು ತಡವಾಗಿ ಬಂದರೆಂದು ಅವನ ಸರದಿ ಹಾರಿಸಿದ್ದರು. ಮಗನ ಮಾತು ಕೇಳಲು ಅವನ ಅಪ್ಪ ಹಿಂದಿನ ಕುರ್ಚಿಯಲ್ಲಿ ಕೂತಿದ್ದರಂತೆ. ಈ ಕತೆಯನ್ನು ರೊಟ್ಟಿ ಮುರಿಯುತ್ತಾ ನನಗೆ ಹತ್ತು ಸಲವಾದರೂ ಹೇಳಿದ್ದಾನೆ. "ಬರೀರಿ ಅಕ್ಕಾ: ಮುದ್ರಿಸಿದ ವೇಳಾಪಟ್ಟಿ ಯಾರು ಬಂದರೂ ಬದಲಾಗುವುದಿಲ್ಲ, ಹೆಸರು ಇದ್ದವರೇ ಮಾತಾಡುತ್ತಾರೆ." ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಆ ಹಾಳೆಯನ್ನು ನಂಬಿ ನಸೀಮಾ ಒಪ್ಪಿದಳು. ಮುಖ್ಯ ಸಭಾಂಗಣ, ಬೆಳಿಗ್ಗೆ 11.30. ವೇಳಾಪಟ್ಟಿಯನ್ನು ತನ್ನ ಅಂಗಡಿಯಲ್ಲೇ ಝೆರಾಕ್ಸ್ ತೆಗೆದು, ಶರಣಪ್ಪ ಸೇರಿದಂತೆ ಏಳು ಮಂದಿ ಅಪ್ಪಂದಿರಿಗೆ ಮನೆ ಮನೆಗೆ ಕೊಟ್ಟು ಬಂದಳು.

ಆ ಭಾನುವಾರ ನೂರ ಎಂಬತ್ತು ಜನ ಸೇರಿದ್ದರು. ಹತ್ತೂವರೆಗೆ ಒಂದು ಕ್ರೂಸರ್ ಗಾಡಿಯಲ್ಲಿ ಆ ಏಳು ಮಂದಿ, ನಸೀಮಾಳ ಮಾವ ಮೌಲಾಸಾಬ, ಹಿಂದೆ ನಸೀಮಾ ಇಳಿದರು. ಎಲ್ಲರೂ ಮಡಿಸಿಟ್ಟ ಒಳ್ಳೆಯ ಬಟ್ಟೆ ತೆಗೆದು ಉಟ್ಟುಕೊಂಡು ಬಂದಿದ್ದರು. ಅವರನ್ನು ಐದನೆಯ ಸಾಲಿನಲ್ಲಿ ಕೂರಿಸಿ ಬಂದೆ. ಹನ್ನೊಂದೂಕಾಲರ ಹೊತ್ತಿಗೆ ಪ್ರಾಯೋಜಕ ಕಂಪನಿಯ ಒಬ್ಬರು ನನ್ನ ಕೈ ಕುಲುಕಿದರು. "ಮೇಡಂ, ಹನ್ನೊಂದೂವರೆ ಬಿಟ್ಟುಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಒಪ್ಪಿಗೆಯ ಮೇಲ್ ಬಂದಿತ್ತು."

ನಾನು ಯಾವ ಮೇಲ್ ಕೂಡ ಕಳಿಸಿರಲಿಲ್ಲ. ಪಾಪ, ಅವರು ಫೋನ್ ತೆಗೆದು ತೋರಿಸಿದರು. ಒಂಬತ್ತು ದಿನ ಹಿಂದಿನದು, ಸೂರ್ಯಕಾಂತ ಕಳಿಸಿದ್ದು. ಆಯ್ಕೆ ಸಮಿತಿ ಒಪ್ಪಿದೆ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದ್ದ. ಅಷ್ಟರಲ್ಲಿ ಬಾಗಿಲ ಮೇಜಿನ ಮೇಲೆ ಬೆಳಿಗ್ಗೆ ತಾನೇ ಮುದ್ರಿಸಿದ ಹೊಸ ಪಟ್ಟಿಯೂ ಕಣ್ಣಿಗೆ ಬಿತ್ತು. ನಸೀಮಾಳ ಹೆಸರು ಮಹಡಿಯ ಸಣ್ಣ ಕೋಣೆಗೆ, ಸಂಜೆ 4.50ಕ್ಕೆ ಹೋಗಿತ್ತು.

ವೇದಿಕೆಯ ಪಕ್ಕದಲ್ಲಿ ಸೂರ್ಯಕಾಂತನನ್ನು ಹಿಡಿದೆ. ಅವನು ನನ್ನ ಮುಖ ನೋಡಲಿಲ್ಲ.

"ಕಂಪನಿಯವರು ನಮ್ಮ ಕಾಲೇಜಿಗೆ ಇಂಟರ್‌ವ್ಯೂಗ ಬರ್ತೇವಿ ಅಂದಾರ್ರಿ ಅಕ್ಕಾ. ನಮ್ಮ ಮಕ್ಕಳ ನೌಕರಿ ಮಾತು. ಬಸ್ಸಿನ ಕತಿ ಸಂಜಿಕಿ ಹೇಳಿದ್ರ ಏನಾತು?"

"ಒಂಬತ್ತು ದಿನ ನನ್ನ ಡಬ್ಬಿಯಾಗಿನ ರೊಟ್ಟಿ ತಿಂದಿ. ಒಂದಿನ ಬಾಯಿ ಬಿಡಲಿಲ್ಲ."

"ಹೇಳಿದ್ರ ನೀವು ಒಪ್ತಿರಲಿಲ್ಲ."

ನಂಬಿಸಿ ಕತ್ತು ಕುಯ್ಯುವುದು ಎಂದರೆ ಏನು ಎಂದು ನನಗೆ ಅಲ್ಲಿ, ಕೈಯಲ್ಲಿ ಆ ಪಟ್ಟಿ ಹಿಡಿದುಕೊಂಡು ನಿಂತಾಗ ತಿಳಿಯಿತು. ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ತನ್ನ ಅಪ್ಪನ ಮುಂದೆ ತನಗೆ ಆದದ್ದನ್ನೇ ಇವನು ನಸೀಮಾಳಿಗೆ ಆಕೆಯ ಮಾವನ ಮುಂದೆ ಮಾಡಿದ, ಅದೂ ನನ್ನ ಹೆಸರಿನಲ್ಲಿ.

ಈಗ ನನ್ನ ತಪ್ಪನ್ನೂ ಹೇಳಬೇಕು. ಮೈಕು ಎರಡು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಿ ತೆಗೆದುಕೊಳ್ಳಬಹುದಿತ್ತು. ಬಂದ ಅತಿಥಿಗಳ ಮುಂದೆ ಮನೆಯ ಜಗಳ ಬೇಡ ಎಂದು ಸುಮ್ಮನಾದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೆಸರು ಮಾಡಿದವಳು ನಾನು, ಬೇಕಾದ ಹೊತ್ತಿನಲ್ಲಿ ಅದು ಬರಲಿಲ್ಲ. ಕಂಪನಿಯವರು ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಐದನೆಯ ಸಾಲಿನ ಏಳು ಮಂದಿ ಕೈಯಲ್ಲಿದ್ದ ಹಳೆಯ ಪಟ್ಟಿ ನೋಡುವರು, ಪರದೆ ನೋಡುವರು, ತಿರುಗಿ ಪಟ್ಟಿ ನೋಡುವರು.

ಕ್ರೂಸರಿನವನು ಒಂದು ಗಂಟೆಗೆ ಹೊರಡಬೇಕು ಎಂದಿದ್ದ, ಇವರಿಗೂ ಮನೆಯಲ್ಲಿ ದನಕರು ಕಾಯುತ್ತಿದ್ದವು. ಸಂಜೆಯವರೆಗೆ ನಿಲ್ಲುವ ಮಾತೇ ಇರಲಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಶರಣಪ್ಪ ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹೆಸರು ಹಾಕಿದ್ರು, ಮಾತಾಡ್ಲಾಕ ಬಿಡಲಿಲ್ಲ. ತಿಳದ ಮಂದಿಗಿ ಏನರ ಗೊತ್ತಾಗಿರಬೇಕು." ಮೌಲಾಸಾಬ ಅದನ್ನು ಕೇಳಿಸಿಕೊಂಡು ತಟ್ಟೆಯನ್ನು ಹಾಗೆಯೇ ಇಟ್ಟು ಹೊರಗೆ ನಡೆದರು.

ನಾನು ನಸೀಮಾಳ ಬಳಿ ಓಡಿದೆ. ಇಲ್ಲೇ ಹೇಳು, ಲ್ಯಾಪ್‌ಟಾಪ್ ತರಿಸುತ್ತೇನೆ, ಇವರೆಲ್ಲರನ್ನೂ ಸುತ್ತ ನಿಲ್ಲಿಸುತ್ತೇನೆ ಎಂದೆ.

"ಊಟದ ಸಾಲಾಗ ಹೇಳೂ ಮಾತಲ್ರಿ ಇದು," ಎಂದಳು. ಅಳಲಿಲ್ಲ, ಜಗಳ ಮಾಡಲಿಲ್ಲ. ಪರ್ಸಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. "ಇದು ನೀವಽ ಬರದದ್ದಲ್ರಿ ಮೇಡಂ?"

"ಹೌದು."

"ಕೆಳಗ ಸಹಿ ನಿಮ್ದಽ?"

"ನಂದಽ."

ಆಕೆಗೆ ಮೇಲ್ ವಿಷಯ ಹೇಳಬಹುದಿತ್ತು, ನನಗೂ ಮೋಸವಾಗಿದೆ ಎನ್ನಬಹುದಿತ್ತು. ಆದರೆ ಆಕೆಗೆ ಮಾತು ಕೊಟ್ಟವಳು ನಾನು, ಸೂರ್ಯಕಾಂತನನ್ನು ಆಕೆ ನೋಡಿಯೂ ಇರಲಿಲ್ಲ. ಹಾಳೆಯನ್ನು ಮತ್ತೆ ಮಡಿಸಿ ಒಳಗಿಟ್ಟುಕೊಂಡು ಗಾಡಿ ಹತ್ತಿದಳು. ಸಂಜೆ 4.50ಕ್ಕೆ ಮಹಡಿಯ ಕೋಣೆಯಲ್ಲಿ ಮೂವತ್ತು ಜನ ಬಂದು ಕೂತರು, ಬಸ್ಸಿನ ಮೇಡಂ ಎಲ್ಲಿ ಎಂದು ಕೇಳಿದರು. ನಡೆದದ್ದನ್ನು ಹೇಳಿ, ಕ್ಷಮೆ ಕೇಳಿ ಕೆಳಗಿಳಿದೆ.

ಸೋಮವಾರ ಮಧ್ಯಾಹ್ನ ಸೂರ್ಯಕಾಂತನ ಕುರ್ಚಿ ಈ ಕಡೆ ತಿರುಗಿತು. ನಾನು ಡಬ್ಬಿ ಮುಚ್ಚಿ ಎದ್ದೆ. ನಿವೃತ್ತಿಯಾಗುವವರೆಗೆ ಗ್ರಂಥಾಲಯದಲ್ಲಿ ಒಬ್ಬಳೇ ಕೂತು ಉಂಡೆ. ಕಂಪನಿಯವರು ಮಾತಿನಂತೆ ಬಂದರು, ನಮ್ಮ ಏಳು ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡರು. ಅವರಲ್ಲೊಬ್ಬ ಹುಡುಗಿಯ ತಾಯಿ ನನಗೆ ಪೇಢೆ ತಂದುಕೊಟ್ಟಾಗ ತಿಂದೆ. ಆ ತಾಯಿಯ ಸಂತೋಷದಲ್ಲಿ ಸುಳ್ಳಿರಲಿಲ್ಲ. ಆದರೂ ಸೂರ್ಯಕಾಂತನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದೆ ಎಂದು ಇಲ್ಲಿ ಬರೆದರೆ ಅದೂ ಒಂದು ಸುಳ್ಳು ಸಹಿ.

ಬೇಮಳಖೇಡದಲ್ಲಿ ವಾರದೊಳಗೆ ಶರಣಪ್ಪ ಮಗಳ ನಂಬರು ತೆಗೆಸಿದ. ಕೋಡನ್ನು ಮುದ್ರಿಸಿಕೊಂಡು ನಾನು ಅವನ ಮನೆಗೆ ಹೋದೆ, ಒಂದೊಂದು ಸಾಲನ್ನೂ ಬಿಡಿಸಿ ಹೇಳಿದೆ. ಚಹಾ ಕೊಟ್ಟ, ಪೂರ್ತಿ ಕೇಳಿದ. ಕಡೆಗೆ, "ನೀವು ಹೇಳೂದು ಖರೆ ಇರಬಹುದ್ರಿ ಮೇಡಂ. ಹಂಗಿದ್ರ ಅವತ್ತು ಯಾಕ ಹೇಳಿಸಲಿಲ್ಲ?" ಎಂದ. ಮಾರನೆಯ ಬೆಳಿಗ್ಗೆ ಅದೇ ದಾರಿಯ ಒಂದು ಸ್ಟಾಪಿನಲ್ಲಿ ಹುಡುಗಿಯರ ಜೊತೆ ನಿಂತೆ. ಐವತ್ತು ನಿಮಿಷ ಕಾದರೂ ಬಸ್ಸು ಬರಲಿಲ್ಲ. "ಮೊದಲೆಲ್ಲಾ ಮೆಸೇಜ್ ಬರ್ತಿತ್ತರಿ," ಎಂದಳು ಒಬ್ಬಳು, ನಾನು ಯಾರೆಂದು ತಿಳಿಯದೆ.

ಈ ವರ್ಷ ಹೊಸ ಹುಡುಗರು ಮತ್ತೆ ಸಮ್ಮೇಳನ ಮಾಡುತ್ತಿದ್ದಾರೆ. ಹೊಸಬರಿಗೆ ಹಾಳೆ ಬರೆದುಕೊಡಿ ಎಂದು ನನ್ನ ಬಳಿ ಬಂದರು. ಬರೆದೆ. ನೂರು ಪ್ರತಿ ತೆಗೆಸಲು ಹುಮನಾಬಾದಿನಲ್ಲಿ ಬೇಕಾದಷ್ಟು ಅಂಗಡಿಗಳಿವೆ, ನಾನು ಬೇಮಳಖೇಡದ ಬಸ್ಸು ಹತ್ತಿದೆ. ನಸೀಮಾ ಸಲಾಂ ಮಾಡಿ ಸ್ಟೂಲು ಕೊಟ್ಟಳು. ಹಾಳೆ ಕೈಗೆ ತೆಗೆದುಕೊಂಡು, ಮಷೀನಿಗೆ ಹಾಕುವ ಮೊದಲು ನಿಧಾನವಾಗಿ ಓದಿದಳು.

"ನಾಕಽ ಅದಾವ. ಐದನೇದು ಎಲ್ಲಿ ಹೋತ್ರಿ?"

"ಬಿಟ್ಟೆ. ನನ್ನ ಕೈಯಾಗ ಇಲ್ಲದ್ದು ಬರಿಯಬಾರದು."

ಮೂವತ್ತೊಂದು ವರ್ಷದ ಕೆಲಸ ನನಗೆ ಕಲಿಸಿದ ಪಾಠ ಅದೇ ಎಂದು ನಾನು ನಂಬಿದ್ದೆ. ಹೊಸಬರು ಬರುವುದು ಸಮ್ಮೇಳನವನ್ನು ನಂಬಿ ಅಲ್ಲ, ಕರೆದವರನ್ನು ನಂಬಿ. ಆದ್ದರಿಂದ ಕೊಡುವ ಮಾತು ಕಡಿಮೆ ಇರಲಿ ಎಂದುಕೊಂಡಿದ್ದೆ. ನಸೀಮಾ ಮೇಜಿನ ಮೇಲಿನ ಪೆನ್ನನ್ನು ನನ್ನ ಕಡೆ ಸರಿಸಿದಳು.

"ಬರೀರಿ ಮೇಡಂ. ಬರದು, ಈ ಸಲ ಮೈಕಿನ ಬಾಜೂಕ ನೀವಽ ನಿಂದರ್ರಿ."

ಬರೆದೆ. ಸಹಿ ಒಂದೇ ಹಾಕಿದೆ. ಮಷೀನಿನಿಂದ ನೂರು ಪ್ರತಿ ಹೊರಬಂದವು. ಆಕೆ ಎಣಿಸಿ ಕೊಟ್ಟಾಗ ತೊಂಬತ್ತೊಂಬತ್ತಿದ್ದವು, ಒಂದನ್ನು ತನ್ನ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಕೊಂಡಿದ್ದಳು.