ನೋಟುಬುಕ್ಕಿನ ಕಡೆಯ ಸಾಲು

ನಾನು ನಿಂತಿದ್ದದ್ದು ನಮ್ಮೂರ ಕನ್ನಡ ಶಾಲೆಯ ಪಡಸಾಲೆಯಲ್ಲಿ, ಎಡಗಡೆಯಿಂದ ಎರಡನೆಯ ಕಂಬದ ಹಿಂದೆ. ಸಂಕ್ರಾಂತಿ ಕಳೆದ ಮೊದಲ ರವಿವಾರ. ಹೊತ್ತು ಸಂಜೆ ನಾಲ್ಕರ ಸಮೀಪ. ಉಗಾರದ ಸಕ್ಕರೆ ಕಾರ್ಖಾನೆಯ ನಾಲ್ಕರ ಭೋಂಗಾ ಇನ್ನೂ ಕೂಗಿರಲಿಲ್ಲ. ಅದು ಎಂಬತ್ತರ ದಶಕದ ನಡುವಿನ ಒಂದು ವರ್ಷ, ನಾನು ಐದನೆಯ ಇಯತ್ತೆಯಲ್ಲಿದ್ದೆ. ಕೈಯಲ್ಲಿ ನೂರು ಪುಟದ ಒಂದು ನೋಟುಬುಕ್ಕು. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ.

ಆ ದಿನಗಳಲ್ಲಿ ನಮ್ಮ ಕಡೆ ನಾಟಕವೆಂದರೆ ಹಾರ್ಮೋನಿಯಂ, ಬಣ್ಣದ ಪರದೆ, ರಾಜನ ಗದರಿಕೆ, ಹತ್ತಾರು ಹಾಡು. ಎಷ್ಟು ಹೊತ್ತಾದರೂ ಕಡೆಗೆ ಮಂಗಳ ಹಾಡಬೇಕು. ಹಾಡುವ ತನಕ ಯಾರೂ ಏಳುತ್ತಿರಲಿಲ್ಲ. ಮಂಗಳವಾಗದ ನಾಟಕ ಮುಗಿದ ಲೆಕ್ಕವೇ ಅಲ್ಲ.

ಇಂಥ ಊರಿಗೆ ಕುಸುಮಾ ಅಕ್ಕೋರು ಬಂದರು. ಧಾರವಾಡದವರು, ನಮ್ಮ ಶಾಲೆಗೆ ಹೊಸ ಶಿಕ್ಷಕಿ. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ಆಗಷ್ಟೇ ಬರೆಯತೊಡಗಿದ್ದ ಹೊಸಬರ ಸಣ್ಣ ನಾಟಕಗಳನ್ನು ಓದುತ್ತಿದ್ದರು. ಅವರ ಗೆಳೆಯರು ಅಂಚೆಯಲ್ಲಿ ಕಳಿಸಿದ ಹಾಳೆಗಳು ಅವು. ನಡುವೆ ಕಾಗದದ ಮೇಲೆ ಹುರಿದ ಶೇಂಗಾ, ಬೆಲ್ಲದ ಚೂರು. ಗಾಳಿ ನದಿಯ ಕಡೆಯಿಂದ ಬೀಸಿದರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಓದಿ ಮುಗಿಸಿ, ಹೇಗಿತ್ತು ಎಂದು ಕೇಳುವರು. ನಾವು ಒಟ್ಟಾಗಿ "ಚಂದ ಐತ್ರಿ" ಎನ್ನುವೆವು.

"ಚಂದ ಐತಿ ಅಂತ ಎಲ್ಲಾರೂ ಅಂತಾರ," ಎನ್ನುವರು ಅಕ್ಕೋರು. "ನೀ ಏನ್ ಕಂಡಿ, ಅಷ್ಟ ಹೇಳು."

ಒಮ್ಮೆ, ತಾಯಿ-ಮಗನ ನಾಟಕವೊಂದನ್ನು ಓದಿದ ಮೇಲೆ, ನನ್ನ ಗೆಳತಿ ಶೋಭಾ ಎದ್ದು ನಿಂತು ಹೇಳಿದಳು: "ಆ ತಾಯಿ ಮೂರು ಸಲ ನಂದು ಊಟ ಆತು ಅಂದಳ್ರಿ. ಆದ್ರ ಗಂಗಾಳ ಒಂದ ಇತ್ರಿ, ಅದರಾಗ ಮಗ ಉಣ್ಣಾಕತ್ತಿದ್ದ." ಅಕ್ಕೋರು ಉಳಿದ ಶೇಂಗಾವನ್ನೆಲ್ಲ ಅವಳ ಉಡಿಗೆ ಸುರಿದರು. ನಾಟಕ ನೋಡುವುದು ಎಂದರೇನೆಂದು ನನಗೆ ತಿಳಿದದ್ದು ಅವತ್ತು.

ಮನೆಯಲ್ಲಿ ಇದು ಯಾರಿಗೂ ಸರಿಬರಲಿಲ್ಲ. "ಪರದೆ ಇಲ್ಲ, ಹಾಡ ಇಲ್ಲ, ಅರ್ಧ ತಾಸಿನಾಗ ಮುಗೀತೈತಿ ಅಂತ. ಅದರಾಗ ಏನೋ ಮುಚ್ಚಿ ಇಟ್ಟಾರ," ಎಂದು ನನ್ನ ಆಯಿ, ಅಪ್ಪನ ಅವ್ವ, ಅನ್ನುತ್ತಿದ್ದಳು.

ಶೋಭಾಳ ತಾಯಿ ಗಂಗವ್ವನ ಹೊಲ ನಮ್ಮ ಕಬ್ಬಿನ ಹೊಲಕ್ಕೆ ಹತ್ತಿಕೊಂಡೇ ಇತ್ತು. ಗಂಡ ಸತ್ತ ವರ್ಷದಿಂದ ಆಕೆ ಒಂದೇ ಮಾತು ಹೇಳುತ್ತಿದ್ದಳು: ಎರಡು ಹೊಲಗಳ ನಡುವಿನ ಬಾಂದಿನ ಕಲ್ಲು ತನ್ನ ಹೊಲದೊಳಕ್ಕೆ ಸರಿದಿದೆ ಎಂದು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮ ಹೊಲ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ, ನನ್ನ ಬಾಬು ಕಾಕಾ. ಚಕ್ಕಡಿಯಲ್ಲಿ ನನ್ನನ್ನು ಮುಂದೆ ಕೂಡಿಸಿಕೊಂಡು, ಕಬ್ಬಿನ ಸಿಪ್ಪೆಯನ್ನು ತನ್ನ ಹಲ್ಲಿನಿಂದ ಸುಲಿದು ಕೊಡುತ್ತಿದ್ದವನು. ಆತನಿಗಿಂತ ಹೆಚ್ಚು ಯಾರನ್ನೂ ನಾನು ಆಗ ಹಚ್ಚಿಕೊಂಡಿರಲಿಲ್ಲ.

ಆ ರವಿವಾರ ಆಡಿದ ನಾಟಕದಲ್ಲಿ ಇದ್ದದ್ದು ಇಬ್ಬರು ರೈತರು, ಒಂದು ಕಲ್ಲು. ಒಬ್ಬ ರೈತ ಶೋಭಾ, ಇನ್ನೊಬ್ಬ ಸ್ವತಃ ಅಕ್ಕೋರು. ನನ್ನ ಅಕ್ಷರ ದುಂಡಗಿತ್ತೆಂದು ಮಾತುಗಳನ್ನು ನಾನೇ ನೋಟುಬುಕ್ಕಿಗೆ ಇಳಿಸಿದ್ದೆ. ಮರೆತರೆ ಕಂಬದ ಹಿಂದಿನಿಂದ ಎತ್ತಿಕೊಡುವ ಕೆಲಸವೂ ನನ್ನದು. ಕುಂಟಾಬಿಲ್ಲೆಗೆ ಗೆರೆ ಎಳೆದ ಹಾಗೆ ಅಂಗಳದಲ್ಲಿ ಸುಣ್ಣದ ಚೌಕ, ಅದೇ ರಂಗ.

ಇಬ್ಬರೂ ಮಳೆಯ ಮಾತು, ಎತ್ತಿನ ಮಾತು, ಮಗಳ ಬಾಣಂತನದ ಮಾತು ಆಡುತ್ತಾರೆ. ಒಬ್ಬ ಅತ್ತ ತಿರುಗಿದಾಗ ಇನ್ನೊಬ್ಬ ಕಲ್ಲನ್ನು ಗೇಣಷ್ಟು ಸರಿಸುತ್ತಾನೆ. ಕಲ್ಲಿನ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಜನ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ಕಡಿಮೆಯಾಯಿತು. ಕಡೆಗೆ ಒಬ್ಬನಿಗೆ ನಿಲ್ಲಲು ಸುಣ್ಣದ ಗೆರೆಯಷ್ಟೇ ಉಳಿಯಿತು. ಆಗ ಶೋಭಾ ಜನರ ಕಡೆ ತಿರುಗಿ ಕೇಳಿದಳು: "ಈ ಕಲ್ಲ ಮೊದಲ ಎಲ್ಲಿತ್ತು?"

ಅದೇ ಕಡೆಯ ಮಾತು. ನೋಟುಬುಕ್ಕಿನಲ್ಲಿ ಅದರ ಕೆಳಗೆ ಖಾಲಿ.

ಯಾರೂ ಏಳಲಿಲ್ಲ. ಮಂಗಳ ಆಗಿರಲಿಲ್ಲವಲ್ಲ. ಆಗ ಮುಂದಿನ ಸಾಲಿನಲ್ಲಿದ್ದ ಬಾಬು ಕಾಕಾ, ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಶೋಭಾಳನ್ನೇ ನೋಡುತ್ತ ಹೇಳಿದ:

"ಹುಣಸಿ ಗಿಡದಿಂದ ಹನ್ನೆರಡು ಹೆಜ್ಜಿಗೆ ಇತ್ತು. ನಾನ ಸರಿಸೇನಿ."

ಭೋಂಗಾ ಕೂಗಿತು. ಅದು ನಿಂತ ಮೇಲೆ ಹಿಂದಿನಿಂದ ಯಾರೋ, "ಭಾಪರೆ ಬಾಬೂ! ನೀನೂ ಪಾರ್ಟ ಹಾಕೀಯೇನ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗವ್ವ ತಟ್ಟಲಿಲ್ಲ. ಕಾಕಾ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಆ ಸಂಜೆ ಆತ ಉಣ್ಣಲಿಲ್ಲ. ಹೊಲ ಬಿಟ್ಟುಕೊಟ್ಟರೆ ಊರಲ್ಲಿ ಮುಖ ತೋರಿಸುವುದು ಹೇಗೆಂದು ಅಪ್ಪ ಕೇಳಿದ. "ಬಾಯಿ ತಪ್ಪಿ ಬಂತು," ಎಂದ ಕಾಕಾ. ಆಯಿ ಅಕ್ಕಿ ಆರಿಸುತ್ತ, ಯಾರಿಗೂ ಅಲ್ಲದ ಹಾಗೆ, "ಆ ಮಾತ ನಾಟಕದ ಪುಸ್ತಕದಾಗ ಇದ್ದಿದ್ರ ಚೊಲೋ ಆಗತಿತ್ತು," ಅಂದಳು. ಬರೆ ಎಂದು ನನಗೆ ಯಾರೂ ಹೇಳಲಿಲ್ಲ. ನೋಟುಬುಕ್ಕು ನನ್ನ ಪಾಟೀಚೀಲದಲ್ಲೇ ಇತ್ತು. ಅದೇ ಪೆನ್ನು, ಅದೇ ಶಾಯಿ.

ಮಂಗಳವಾರ ಮುಂಜಾನೆ, ಬಾಂದಿನ ಮಾತು ತೀರ್ಮಾನಿಸಲು, ಊರ ಹಿರಿಯರು ಶಾಲೆಯ ಪಡಸಾಲೆಗೆ ಬಂದರು. ಅಕ್ಕೋರು ಹೇಳಿಕೊಟ್ಟ ಮಾತನ್ನೇ ತಾನು ಆಡಿದೆನೆಂದ ಕಾಕಾ. ಅಕ್ಕೋರು ಇಲ್ಲವೆಂದರು. ಹಿರಿಯರಲ್ಲಿ ಒಬ್ಬನಾದ ಪಾಟೀಲ ಅಜ್ಜ ಅಕ್ಕೋರನ್ನು ಕೇಳಿದ: "ಇದನ್ನ ಬರದಾವ ಯಾರು? ನಮ್ಮೂರಿಗೆ ಯಾವಾಗ ಬಂದಿದ್ದ?"

"ಬರದಾವ್ರು ಈ ಊರ ನೋಡಿಲ್ರಿ."

"ನೋಡದ ನಮ್ಮ ಬಾಂದಿನ ಸುದ್ದಿ ಹೆಂಗ ಬರದ? ಗಂಗವ್ವ ಹೇಳಿ ಬರಸ್ಯಾಳೇನ?"

"ಕಲ್ಲ ಎಲ್ಲಾ ಊರಾಗೂ ಇರತಾವ್ರಿ ಅಜ್ಜಾರ."

ಅದನ್ನು ಯಾರೂ ನಂಬಲಿಲ್ಲ. ತಮ್ಮನ್ನು ಯಾರೋ ಬೇಲಿಯ ಸಂದಿಯಿಂದ ನೋಡಿ ಬರೆದಿದ್ದಾರೆಂದೇ ಅವರ ಗುಮಾನಿ. ಅಕ್ಕೋರು ನನ್ನಿಂದ ನೋಟುಬುಕ್ಕು ಇಸಿದುಕೊಂಡು, ಕಾಕಾನ ಮಾತು ಅದರಲ್ಲಿಲ್ಲವೆಂದು ತೋರಿಸಲು ಕಡೆಯ ಪುಟ ತೆರೆದರು. ಶೋಭಾಳ ಮಾತಿನ ಕೆಳಗೆ ನನ್ನ ದುಂಡಗಿನ ಅಕ್ಷರದಲ್ಲಿ ಕಾಕಾನ ಮಾತು ಇತ್ತು. ಅವರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ, ಶನಿವಾರ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು: "ಪದ್ಮಾ, ನೀ ಏನ್ ಕಂಡಿ, ಅಷ್ಟ ಹೇಳು."

"ಪುಸ್ತಕದಾಗ ಐತ್ರಿ," ಅಂದೆ.

ಅವರು ನನ್ನನ್ನು ಬೈಯಲಿಲ್ಲ, ಬರೆದವಳು ನಾನೆಂದು ಹೇಳಲೂ ಇಲ್ಲ. ನೋಟುಬುಕ್ಕು ಮುಚ್ಚಿ ಅಜ್ಜನ ಕೈಗೆ ಕೊಟ್ಟರು. ಗಂಗವ್ವ ಸೆರಗು ಸರಿಪಡಿಸಿಕೊಂಡು, "ನಾಟಕ ಆಗಿದ್ರ ಮಂಗಳ ಹಾಡಬೇಕಿತ್ತಲ್ರಿ. ಯಾರೂ ಹಾಡಲಿಲ್ಲ," ಅಂದಳು. ಪುಸ್ತಕದಲ್ಲಿದ್ದದ್ದೇ ನಿಜವೆಂದು ಎಲ್ಲರೂ ಎದ್ದರು. ಕಲ್ಲು ಇದ್ದಲ್ಲೇ ಉಳಿಯಿತು.

ಶನಿವಾರದ ಓದು ನಿಂತಿತು. ಬೇಸಿಗೆ ರಜೆಗೆ ಹೋದ ಅಕ್ಕೋರು ಜೂನಿನಲ್ಲಿ ಮರಳಲಿಲ್ಲ. ವರ್ಗಾವಣೆಯನ್ನು ಅವರೇ ಕೇಳಿದ್ದೋ, ಯಾರಾದರೂ ಮಾಡಿಸಿದ್ದೋ, ನನಗೆ ತಿಳಿಯದು. ಕಾಕಾ ಆಮೇಲೂ ಕಬ್ಬು ಸುಲಿದು ಕೊಡುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ.

ಈಗ ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಹೊಸಬರ ಸಣ್ಣ ನಾಟಕಗಳಿದ್ದರೆ ತಪ್ಪದೆ ಹೋಗುತ್ತೇನೆ. ಒಳ್ಳೆಯವು ಬರುತ್ತಿವೆ. ದೀಪ ಆರಿದೊಡನೆ ಚಪ್ಪಾಳೆ, ದೀಪ ಹತ್ತಿದೊಡನೆ ಫೋಟೋ. ಬಳಿಕ ಚರ್ಚೆ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ರಂಗದಿಂದ ಬಂದ ಪ್ರಶ್ನೆ ತನಗೇ ಎಂದು ತಿಳಿದು ಉತ್ತರ ಕೊಡುವವನನ್ನು ಆಮೇಲೆ ನಾನು ಎಲ್ಲಿಯೂ ಕಂಡಿಲ್ಲ. ಕಂಡ ಒಬ್ಬನ ಮಾತನ್ನು ನಾನೇ ನಾಟಕ ಮಾಡಿಬಿಟ್ಟೆ.

ಗಂಗವ್ವ ಹೋದಳು, ಆಮೇಲೆ ಆಯಿ, ಅಪ್ಪ, ಕಾಕಾ. ಅಕ್ಕೋರೂ ಇಲ್ಲವೆಂದು ಕೇಳಿದ್ದೇನೆ. ಆ ಕಡೆಯ ಮಾತಿನ ಕೆಳಗೆ ಪುಟ ಖಾಲಿ ಇತ್ತೆಂದು ಬಲ್ಲವರಲ್ಲಿ ಈಗ ಇರುವವರು ಇಬ್ಬರೇ: ನಾನು, ಮತ್ತು ರಾಯಬಾಗಕ್ಕೆ ಮದುವೆಯಾಗಿ ಹೋದ ಶೋಭಾ. ಆ ಮಂಗಳವಾರ ಆಕೆಯೂ ಪಡಸಾಲೆಯಲ್ಲಿ ತಾಯಿಯ ಹಿಂದೆ ನಿಂತಿದ್ದಳು. ನಾಟಕ ಆಕೆಗೆ ಬಾಯಿಪಾಠವಾಗಿತ್ತು, ಕಡೆಯ ಮಾತು ತನ್ನದೇ ಎಂದು ಗೊತ್ತಿತ್ತು. ಆಕೆಯನ್ನು ಯಾರೂ ಕೇಳಲಿಲ್ಲ.