ಮೇಲಿನ ಹೊರಮೂಲೆ

ಅಮೃತಮ್ಮ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಎಡಗಾಲು ಸದ್ದಿಲ್ಲದೆ ಊರುತ್ತಿತ್ತು. ಬಲಪಾದ ಟಪ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಆ ಪಾದ ತಾನಾಗಿ ಮೇಲೇಳುತ್ತಿರಲಿಲ್ಲ. ಬೆರಳುಗಳ ಬುಡಕ್ಕೆ ಹಳೆ ಸೀರೆಯ ಪಟ್ಟಿ ಸುತ್ತಿ, ಇನ್ನೊಂದು ತುದಿಯನ್ನು ಮೊಣಕಾಲ ಕೆಳಗೆ ಬಿಗಿದು, ಕಾಲನ್ನು ಎತ್ತೆತ್ತಿ ಇಡುತ್ತಿದ್ದಳು. ಕೆ.ಆರ್. ಪುರದ ಬಾಡಿಗೆ ಕೋಣೆಗಳ ಆ ಓಣಿಗೆಲ್ಲ ಆರು ವರ್ಷದಿಂದ ಅದು ಗುರುತಿನ ಸದ್ದು. ಅದನ್ನು ಕೇಳಿದರೆ ಮುಖ ಗಂಟಿಕ್ಕುತ್ತಿದ್ದವನು ಒಬ್ಬನೇ, ಓಣಿಯ ತುದಿಯ ಕ್ಲಿನಿಕ್ಕಿನ ಲಕ್ಷ್ಮಿಕಾಂತ.

ಆರು ವರ್ಷದ ಹಿಂದೆ ಅವಳು ಯಾದಗಿರಿ ಕಡೆಯಿಂದ ಬಂದು ಹೊರಮಾವಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಸಿಮೆಂಟು ಹೊರುತ್ತಿದ್ದಳು. ಒಂದು ದಿನ ಜ್ವರ ಬಂದು ಲಕ್ಷ್ಮಿಕಾಂತನ ಕ್ಲಿನಿಕ್ಕಿಗೆ ಹೋದಳು. ಅವಳ ಜನಕ್ಕೆ ಸೂಜಿ ಚುಚ್ಚದವನು ಡಾಕ್ಟರೇ ಅಲ್ಲ. ಬರೀ ಮಾತ್ರೆ ಕೊಟ್ಟರೆ, ಇವನ ಕೈಲಿ ಏನೂ ಆಗದು ಎಂದು ಎದ್ದು ಬೇರೆ ಕಡೆ ಹೋಗುತ್ತಾರೆ. ಹೊರಗೆ ಮೇಸ್ತ್ರಿಯ ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಗಂಡಸಿನ ಮುಂದೆ ಬೋರಲು ಮಲಗಲು ಅವಳಿಗೆ ನಾಚಿಕೆ.

"ನಿಂತಲ್ಲೇ ಮಾಡ್ರೀ ಸಾಹೇಬ್ರ, ಸೀರಿ ಮ್ಯಾಲೇ ಮಾಡ್ರಿ," ಎಂದಳು.

ಅವನು ಜಾಗ ನೋಡಲಿಲ್ಲ. ಪಿರ್ರೆಯ ನಟ್ಟನಡುವೆ ಚುಚ್ಚಿದ. ಸೊಂಟದಿಂದ ಹೆಬ್ಬೆರಳ ತುದಿಯವರೆಗೆ ಬೆಂಕಿಯ ಗೆರೆ ಎಳೆದಂತಾಗಿ ಅಮೃತಮ್ಮ "ಯವ್ವಾ!" ಎಂದು ಚೀರಿದಳು. ಆಗಲೇ ಸೂಜಿ ಹಿಂದಕ್ಕೆ ತೆಗೆದಿದ್ದರೆ ಕಾಲು ಉಳಿಯುತ್ತಿತ್ತೋ ಏನೋ. "ಅಲ್ಲಾಡ್ಬೇಡಮ್ಮ, ಸೂಜಿ ಮುರಿಯುತ್ತೆ" ಎಂದು ಗದರಿ, ಅವನು ಮದ್ದನ್ನೆಲ್ಲ ಕೊನೆಯ ಹನಿಯವರೆಗೂ ಒತ್ತಿದ. ಮರುದಿನ ಬೆಳಿಗ್ಗೆ ಪಾದ ಹಸಿ ಬಟ್ಟೆಯಂತೆ ಜೋತುಬಿದ್ದಿತ್ತು.

ಅವಳ ಹೊಟ್ಟೆಯೊಳಗೆ ಕೆಂಡ ಉಳಿದದ್ದು ಕಾಲಿಗಾಗಿ ಅಲ್ಲ. ಕೇಳಲು ಹೋದಾಗ ಅವನು ಬೆಂಚಿನ ಮೇಲೆ ಕುಳಿತವರೆಲ್ಲರ ಮುಂದೆ ಹೇಳಿದ: "ಈ ಹೆಂಗಸಿಗೆ ನಾನು ಸೂಜಿನೇ ಹಾಕಿಲ್ಲ. ಸೇಂದಿ ಕುಡಿದು ಕುಡಿದು ನರ ಸುಟ್ಕೊಂಡು ನನ್ನ ತಲೆಗೆ ಕಟ್ಟೋಕ್ ಬಂದಿದಾಳೆ." ಜನ್ಮದಲ್ಲಿ ಅಡಿಕೆ ಚೂರನ್ನೂ ಬಾಯಿಗೆ ಹಾಕಿದವಳಲ್ಲ ಅವಳು. ಅಂದಿನಿಂದ ಓಣಿಯ ಹುಡುಗರ ಬಾಯಲ್ಲಿ ಅವಳು ಸೇಂದಿ ಅಮೃತಿ. ಸೂಜಿ ಹಾಕಿದೆ ಎಂದು ಅದೇ ಬೆಂಚಿನ ಮುಂದೆ ಅವನ ಬಾಯಿಂದಲೇ ಹೇಳಿಸದೆ ಬಿಡುವುದಿಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಹೊರೆ ಹೊರಲಾಗದ ಕಾಲಿಗೆ ಸಿಕ್ಕಿದ ಕೆಲಸ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೆಣ ಕೊಯ್ದು ಕಲಿಯುವ ಕೋಣೆಯ ಕಲ್ಲುಮೇಜು ತೊಳೆಯುವುದು. ಮೊದಲ ವಾರ ಅನ್ನ ಇಳಿಯಲಿಲ್ಲ. ಆಮೇಲೆ ಕಸಬರಿಗೆ ಹಿಡಿದು ಮೇಜಿನ ಬಳಿಯೇ ಸುಳಿದಾಡತೊಡಗಿದಳು. ಪಾಠ ಹೇಳುವ ಶ್ರೀವಿದ್ಯಾ ಮೇಡಂ ಒಂದು ದಿನ ಅವಳ ಕಾಲು ನೋಡಿ, ಎಲ್ಲ ಕೇಳಿ, ಹತ್ತಿರ ಕರೆದು ಒಂದು ದೇಹದ ಪಿರ್ರೆಯ ಮಾಂಸ ಸರಿಸಿ ತೋರಿಸಿದರು. ಬಿಳಿಚಿದ, ಚಪ್ಪಟೆಯಾದ, ಕಿರುಬೆರಳಿನಷ್ಟು ದಪ್ಪದ ಒಂದು ಹುರಿ.

"ಇದು ಹಗ್ಗ ಅದರೀ ಮೇಡಂ, ನರ ಅಲ್ಲ."

"ನರಾನೇ ಅಮೃತಮ್ಮ. ಇಷ್ಟು ದಪ್ಪದ್ದು ಮೈಯಲ್ಲಿ ಇನ್ನೊಂದಿಲ್ಲ. ಮಿದುಳಿಂದ ಹೊರಟ ಆರ್ಡರ್ ಬೆನ್ನುಹುರೀಲಿ ಇಳಿದು ಬರುತ್ತೆ. ಸೊಂಟದ ಹತ್ರ ಐದು ಬೇರು ಹೊರಗೆ ಬಂದು ಸೇರಿ ಇದೊಂದಾಗುತ್ತೆ. ಮೊಣಕಾಲಿನ ಮೇಲೆ ಮತ್ತೆ ಎರಡು ಕವಲು. ಒಂದು ಪಾದ ಎತ್ತೋದಕ್ಕೆ. ನೋವು, ಬಿಸಿ ಎಲ್ಲಾ ಇದೇ ದಾರೀಲಿ ವಾಪಸ್ ಮೇಲಕ್ಕೆ ಹೋಗುತ್ತೆ."

"ಇಷ್ಟು ದಪ್ಪಂದು ಅವ್ನ ಕಣ್ಣಿಗೆ ಬೀಳಲಿಲ್ಲೇನ್ರಿ?"

"ಒಳಗಿರೋದು ಕಾಣಲ್ಲ. ಅದಕ್ಕೇ ಜಾಗ ಕಲೀಬೇಕು." ಮೇಡಂ ಬೆರಳಿನಿಂದ ಪಿರ್ರೆಯ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದು ನಾಲ್ಕು ಭಾಗ ಮಾಡಿದರು. "ಮೇಲಿನ ಹೊರಮೂಲೆ. ಅಲ್ಲಿ ಮಾತ್ರ ಚುಚ್ಚಬಹುದು."

ಗಾಯಗೊಂಡ ನರ ಮತ್ತೆ ಬೆಳೆಯುವುದೂ ಉಂಟು, ಆದರೆ ದಿನಕ್ಕೆ ಒಂದು ರಾಗಿಕಾಳಿನಷ್ಟು ಎಂದು ತಿಳಿದ ಸಂಜೆ, ಅಮೃತಮ್ಮ ದಾರ ಹಿಡಿದು ಪಿರ್ರೆಯಿಂದ ಮುಂಗಾಲಿನವರೆಗೆ ಅಳೆದಳು. ಎರಡು ವರ್ಷದ ದಾರಿ. ಕಾದಳು. ಅಂಗಾಲಿಗೆ ಉರಿ ಮರಳಿ ಬಂತು, ಎತ್ತುವ ಶಕ್ತಿ ಬರಲಿಲ್ಲ. ಮಿದುಳಿನ ಹುಕುಂ ಬಂದು ಮುಟ್ಟುವಷ್ಟರಲ್ಲಿ ಅದನ್ನು ಕೇಳಬೇಕಾದ ಮಾಂಸವೇ ಒಣಗಿತ್ತು. ದಾರವನ್ನು ಒಲೆಗೆ ಹಾಕಿದಳು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ದರ್ಜಿಗಳು ಬಟ್ಟೆಗೆ ಗೆರೆ ಹಾಕುವ ನೀಲಿ ಸೀಮೆಸುಣ್ಣ ಸಿಗುತ್ತದೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಒಂದು ಭಾನುವಾರ ಬೆಳಿಗ್ಗೆ, ಬೆಂಚು ತುಂಬಿದ ಹೊತ್ತು ನೋಡಿ ಕ್ಲಿನಿಕ್ಕಿಗೆ ಬಂದಳು. ಟಪ್, ಟಪ್.

ಒಳಗೆ ಪೇಂಟರ್ ಭೀಮು ಜ್ವರ ಬಂದು ಗೋಡೆ ಹಿಡಿದು ನಿಂತಿದ್ದ. ಲಕ್ಷ್ಮಿಕಾಂತ ಸಿರಿಂಜಿಗೆ ಮದ್ದು ಎಳೆಯುತ್ತಿದ್ದ. ಅಮೃತಮ್ಮ ಪರದೆಯನ್ನು ಪೂರ್ತಿ ಸರಿಸಿ, ಭೀಮುವಿನ ಪ್ಯಾಂಟಿನ ಹಿಂಬದಿಗೆ ಸೀಮೆಸುಣ್ಣದಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದಳು.

"ಏ ಯವ್ವಾ, ಪ್ಯಾಂಟ್ ಹೊಲೀತಿಯೇನ ನನಗ?" ಎಂದ ಭೀಮು. ಬೆಂಚು ನಕ್ಕಿತು.

"ಸುಮ್ನ ನಿಂದ್ರು ತಮ್ಮ. ಡಾಕ್ಟರ್ರ, ಈ ನಾಕರಾಗ ಯಾವ ಮೂಲ್ಯಾಗ ಚುಚ್ತೀರಿ? ಇಲ್ಲಿ ನಡುವ ಚುಚ್ಚಿದ್ರ ಏನಾಗ್ತದ?"

"ನಡೀ ಆಚೆಗೆ! ಕುಡ್ಕೊಂಡ್ ಬಂದು ನನಗೆ ಪಾಠ ಹೇಳ್ತೀಯಾ?"

"ನಡುವ ಕಿರುಬೆರಳಿನಷ್ಟು ದಪ್ಪ ನರ ಅದ. ಕೈಲಿ ಮುಟ್ಟಿ ನೋಡೀನಿ. ನನಗ ಅದರಾಗೇ ಚುಚ್ಚಿದ್ರಿ. ಚೀರಿದ್ರೂ ಬಿಡಲಿಲ್ಲ. ಓದದವ್ರೂ ಹಂಗ ಚುಚ್ಚಂಗಿಲ್ಲ. ದನದ ಡಾಕ್ಟರ್ರೂ ದನಾ ಕಟ್ಟಿ ಜಾಗ ನೋಡಿ ಚುಚ್ತಾರ."

ಬೆಂಚಿನಲ್ಲಿ ಮತ್ತೆ ನಗು. ಆ ನಗು ಲಕ್ಷ್ಮಿಕಾಂತನ ನೆತ್ತಿಗೇರಿತು.

"ಮಲಕ್ಕೊಳ್ಳಮ್ಮ ಅಂದ್ರೆ ನೀನು ಮಲಗಿದ್ಯಾ? ನಿಂತಲ್ಲೇ ಹಾಕಿ, ಸೀರೆ ಮೇಲೆ ಹಾಕಿ ಅಂದೋಳು ನೀನೇ! ಸೀರೆ ಮೇಲಿಂದ ಜಾಗ ಹೆಂಗ್ ಗೊತ್ತಾಗುತ್ತೆ ನನಗೆ?"

ಮಾತು ಬಾಯಿ ದಾಟಿತ್ತು. ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ನೂರುನ್ನೀಸಾ, ಆ ದಿನ ಸೇಂದಿಯ ಮಾತನ್ನು ಕಿವಿಯಾರೆ ಕೇಳಿದ್ದವಳು, ಮೆಲ್ಲನೆ ಕೇಳಿದಳು: "ಸೂಜಿನೇ ಹಾಕಿಲ್ಲಾ ಅಂದಿದ್ರಲ್ಲಾ ಸಾಬ್?"

"ನಿಂತಲ್ಲೇ ಮಾಡ್ರಿ ಅಂದಾಕಿ ನಾ. ಖರೇ ಅದ," ಎಂದಳು ಅಮೃತಮ್ಮ. "ಕೂಲಿಯಾಕಿ ನಾ, ನನಗೇನ್ ಗೊತ್ತು. ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಂಡಾವ್ರು ನೀವು."

ಸಿರಿಂಜು ಹಿಡಿದ ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಮುಂದಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಅಮೃತಮ್ಮ ಅದನ್ನು ಕಣ್ತುಂಬ ನೋಡಿದಳು.

"ಮ್ಯಾಲಿಂದ ಹುಕುಂ ಹೊಂಟದ, ಕೈಗೆ ಮುಟ್ಟವಲ್ದು. ನನ್ನ ಕಾಲಿಗೂ ಹಿಂಗ ಆಗ್ಯದ ನೋಡ್ರಿ ಡಾಕ್ಟರ್ರ. ನಿಮ್ದು ಸಂಜಿಗೆ ಸರಿ ಹೋಗ್ತದ."

ಭೀಮು ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟ. ಅವನ ಹಿಂದೆ ಬೆಂಚು ಒಬ್ಬೊಬ್ಬರಾಗಿ ಎದ್ದಿತು. ಲಕ್ಷ್ಮಿಕಾಂತ ಶಟರ್ ಎಳೆಯಲು ಹೊರಗೆ ಬಂದಾಗ ಖಾಲಿ ಬೆಂಚಿನ ನಡುವೆ ಅಮೃತಮ್ಮ ಒಬ್ಬಳೇ, ಸೀಮೆಸುಣ್ಣವನ್ನು ಸೆರಗಿಗೆ ಮತ್ತೆ ಗಂಟು ಹಾಕುತ್ತ ಕುಳಿತಿದ್ದಳು.

"ಇನ್ನೇನು ಬೇಕು ನಿನಗೆ? ಹೇಳ್ಬಿಟ್ನಲ್ಲ!"

"ಇವತ್ತಿನ ಬೆಂಚಿಗೆ ಹೇಳೀರಿ," ಎಂದಳು ಅವಳು. "ಸೇಂದಿ ಮಾತು ಕೇಳಿದವ್ರು ಇನ್ನೂ ಭಾಳ ಮಂದಿ ಅದಾರ. ಬರೋ ಐತವಾರ ಎಷ್ಟು ಗಂಟೆಗೆ ತೆಗೀತೀರಿ?"