ಅತ್ತೆಯ ಬೇವಿನ ಮರದಲ್ಲಿ ಸೀಸ

ಮಾನ್ವಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬೇವಿನ ಮರವಿತ್ತು. ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಯುಗಾದಿಯ ಮುಂಜಾನೆ ಅದರ ಕೆಳಗೆ ಒಗೆದ ಸೀರೆ ಹಾಸಿ, ಕೋಲಿನಿಂದ ಮೆಲ್ಲಗೆ ಟೊಂಗೆ ತಟ್ಟಿ ಹೂವು ಉದುರಿಸುತ್ತಿದ್ದರು. ಆ ಹೊತ್ತಿಗೆ ಮನೆ ತುಂಬ ಹೂವಿನ ಕಂಪು. ಆ ಹೂವಿಗೆ ಹುಣಸೆಹುಳಿ, ಬೆಲ್ಲ, ಪುಟಾಣಿ ಸೇರಿಸಿ ಹೊಸ ಗಡಿಗೆಯಲ್ಲಿ ಕಲಸಿದ ಬೇವನ್ನು ಕುಡಿಯಲು ಓಣಿಯವರೆಲ್ಲ ಲೋಟ ಹಿಡಿದು ಬರುತ್ತಿದ್ದರು.

ಎಂಬತ್ತರ ದಶಕದಲ್ಲಿ ಗೋಡೆಯಾಚೆ ಲಾರಿ, ಟ್ರ್ಯಾಕ್ಟರುಗಳ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಅಂಗಡಿ ಬಂತು. ಹೊಗೆ ಮರದ ಮೇಲೆಯೇ ಹಾಯುತ್ತಿತ್ತು, ತೊಳೆದ ನೀರು ಬುಡಕ್ಕೆ ಹರಿಯುತ್ತಿತ್ತು. ಮರ ಮಾತ್ರ ಹಸಿರಾಗಿಯೇ ಇತ್ತು.

ನನ್ನ ಗಂಡ ಆಗ ರಾಯಚೂರಿನ ಪ್ರಯೋಗಾಲಯವೊಂದರಲ್ಲಿ ಇಂಥ ಮರಗಳನ್ನೇ ಅಭ್ಯಾಸ ಮಾಡುತ್ತಿದ್ದರು. ನಮ್ಮ ಮರದೊಂದಿಗೆ ಹೋಲಿಸಲು ದೇವದುರ್ಗದ ಕಡೆ ಹೊಲದ ಬದುವಿನ ಬೇವೊಂದನ್ನು ಆರಿಸಿಕೊಂಡಿದ್ದರು. ಬಿಸಿಲಿಗೆ ಎಲೆಯ ಪ್ರೋಟೀನು ಕೆಡುತ್ತದೆಂದು ನಾನು ಎಳೆ ಎಲೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಐಸಿನ ಚೂರುಗಳೊಂದಿಗೆ ಚಹಾದ ಥರ್ಮಾಸಿಗೆ ತುಂಬಿ ಕೊಡುತ್ತಿದ್ದೆ. ಬಸ್ಸಿನಲ್ಲಿ ಒಂದು ಗುಟುಕು ಚಹಾ ಕೇಳಿದವರಿಗೆ ಅವರು ಬೇವಿನೆಲೆ ತೋರಿಸುತ್ತಿದ್ದರಂತೆ.

ಯುಗಾದಿಯ ಹಿಂದಿನ ಸಂಜೆ ಪ್ರಯೋಗಾಲಯದಲ್ಲಿ ತೆಗೆದ ಒಂದು ಫೋಟೊವನ್ನೂ ಹೊಲದ ಬೇವಿನ ಹೂವಿನ ಗಂಟನ್ನೂ ತಂದು ಅತ್ತೆಯ ಮುಂದಿಟ್ಟರು. ಫೋಟೊದಲ್ಲಿ ಎರಡೂ ಮರಗಳ ಪ್ರೋಟೀನು ಅಡ್ಡಗೆರೆಗಳಾಗಿ ಕಾಣುತ್ತಿತ್ತು. ನಮ್ಮ ಮರದ ಸಾಲಿನಲ್ಲಿ ಕೆಲವು ಗೆರೆ ದಪ್ಪಗಿದ್ದವು. ಗಂಡ ಅವುಗಳ ಮೇಲೆ ಬೆರಳಿಟ್ಟರು.

“ಯವ್ವಾ, ಸೀಸ ಒಳಗ ಹೊಕ್ಕದ. ಅದಕ್ಕ ಗಿಡ ಇವನ್ನ ಜಾಸ್ತಿ ಮಾಡಾಕತ್ತದ. ಕೆಟ್ಟಿದ್ದನ್ನ ರಿಪೇರಿ ಮಾಡ್ತಾವ ಇವು. ಇನ್ನೂ ಸಣ್ಣವು ಅದಾವ, ಇದರಾಗ ಕಾಣಂಗಿಲ್ಲ. ಅವು ಸೀಸ ಹಿಡಕೊಂಡು ಒಂದು ಮೂಲ್ಯಾಗ ಕೂಡಿ ಹಾಕ್ತಾವ.”

“ಹಂಗಾದ್ರ ನನ್ನ ಗಿಡ ಶಾಣ್ಯಾ ಅದ. ನಿನ್ನಂಗ ಸಾಲಿ ಕಲತಿಲ್ಲ, ಅಷ್ಟ.”

“ಶಾಣ್ಯಾ ಅದ ಬೇ. ಆದ್ರ ಸೀಸ ಹೊರಗ ಹೋಗಿಲ್ಲ. ಮ್ಯಾಲಿನ ಹೊಗಿ ತೊಳದ್ರ ಹೋದೀತು, ಒಳಗಿಂದು ಹೋಗಂಗಿಲ್ಲ. ನಾಳಿ ಆ ಹೂವು ಬ್ಯಾಡ. ಓಣಿ ಹುಡುಗರು ಕುಡೀತಾವ.”

“ಇಷ್ಟು ಹಸರ ಗಿಡಕ್ಕ ಹಿಂಗಂತೀಯಲ್ಲೋ,” ಎಂದವರೇ ಅತ್ತೆ ಒಳಗೆ ಹೋದರು.

ಬೆಳಿಗ್ಗೆ ಎದ್ದು ನೋಡಿದರೆ ಮರದ ಕೆಳಗೆ ಸೀರೆ ಹಾಸಿತ್ತು, ಅತ್ತೆ ಟೊಂಗೆ ತಟ್ಟುತ್ತಿದ್ದರು. ನಾನು ಹಿತ್ತಲಿಗೆ ಓಡಿದೆ.

“ಅತ್ತಿ, ಅವರು ಹೇಳಿದ್ದು...”

“ಗೊತ್ತದ ಬೇ. ಹಂಗೇ ಬಿಟ್ರ ಹುಡುಗರು ಆರಿಸ್ಕೊಂಡು ಹೋಗ್ತಾವ.”

ಉದುರಿದ ಹೂವನ್ನೆಲ್ಲ ಸೀರೆಯಲ್ಲಿ ಕಟ್ಟಿ, ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದರು. ಆಮೇಲೆ ಕೈ ತೊಳೆದು ಬಂದು, ಮಗ ತಂದ ಸಣ್ಣ ಗಂಟು ಬಿಚ್ಚಿ, ಇದ್ದಷ್ಟೇ ಹೂವಿನಲ್ಲಿ ಓಣಿಗೆಲ್ಲ ಬೇವು ಕಲಸಿದರು.

ಪಕ್ಕದ ಮನೆಯ ಮುದುಕಿ ಒಂದು ಗುಟುಕು ಕುಡಿದು, “ಯಾಕ್ ಬೇ, ಈ ಸಲ ಕಹಿನೇ ಇಲ್ಲಲ್ಲ?” ಎಂದಳು.

“ನನ್ನ ಗಿಡಕ್ಕ ಅರಾಮಿಲ್ಲ,” ಎಂದರು ಅತ್ತೆ, ಅವಳ ಲೋಟಕ್ಕೆ ಇನ್ನಷ್ಟು ಬಗ್ಗಿಸುತ್ತ. “ಇದು ಬ್ಯಾರೇ ಊರಿಂದು. ಕುಡಿ ಸುಮ್ನ.”